ನೇಮಕಾತಿಯ ಮಟ್ಟ: ಅಳತೆ ಬಾಗಿಲಲ್ಲೋ, ಒಳಮನೆಯಲ್ಲೋ?

2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಸಂಸ್ಥೆಯು ತನ್ನ ಮೈಸೂರು ಆವರಣದಲ್ಲಿ ತರಬೇತಿ ಪಡೆಯುತ್ತಿದ್ದ 300ಕ್ಕೂ ಹೆಚ್ಚು ಯುವಕ ಯುವತಿಯರನ್ನು ಮನೆಗೆ ಕಳುಹಿಸಿದ ಸುದ್ದಿ ದೇಶದಾದ್ಯಂತ ಚರ್ಚೆಗೆ ಕಾರಣವಾಯಿತು. ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲು ಮೂರು ಅವಕಾಶಗಳಿರುತ್ತವೆ, ಮೂರರಲ್ಲಿಯೂ ಸಫಲರಾಗದವರು ಮುಂದುವರಿಯುವಂತಿಲ್ಲ, ಈ ಷರತ್ತು ಒಪ್ಪಂದದಲ್ಲಿಯೇ ಇದೆ, ಎರಡು ದಶಕಗಳಿಂದ ನಡೆದುಬಂದ ಪದ್ಧತಿಯಿದು ಎಂಬುದು ಸಂಸ್ಥೆಯ ಸಮರ್ಥನೆ. ಹೀಗೆ ಹೊರಬಿದ್ದವರಲ್ಲಿ ಅನೇಕರು 2022ರ ತಂಡದವರು, ಆಫರ್ ಪತ್ರವನ್ನು ಕೈಯಲ್ಲಿ ಹಿಡಿದು ಸುಮಾರು ಎರಡು ವರ್ಷ ಕಾದು, 2024ರ ಅಕ್ಟೋಬರಿನಲ್ಲಷ್ಟೇ ಮೈಸೂರು ಸೇರಿದವರು ಎಂಬುದು ಉದ್ಯೋಗಿಗಳ ಸಂಘಟನೆಯ ಆಕ್ಷೇಪ. ಕೇಂದ್ರ ಕಾರ್ಮಿಕ ಸಚಿವಾಲಯವು ಕರ್ನಾಟಕ ಸರ್ಕಾರಕ್ಕೆ ಪತ್ರ ಬರೆಯಿತು. ರಾಜ್ಯದ ಅಧಿಕಾರಿಗಳು ಪರಿಶೀಲಿಸಿ, ಕಾನೂನಿನ ಉಲ್ಲಂಘನೆ ಕಂಡುಬಂದಿಲ್ಲವೆಂದು ತಿಳಿಸಿದರೆಂದು ವರದಿಯಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಇನ್ನೂ 240 ಮಂದಿ ಹೊರಬಂದರು. ಅವರಿಗೆ ಒಂದು ತಿಂಗಳ ಪರಿಹಾರ ಧನವನ್ನೂ ಬೇರೆ ಸಂಸ್ಥೆಗಳ ಮೂಲಕ ಉಚಿತ ತರಬೇತಿಯನ್ನೂ ಕೊಡುವುದಾಗಿ ಇನ್ಫೋಸಿಸ್ ಹೇಳಿತು.

ಕಾನೂನಿನ ಮಟ್ಟಿಗೆ ಅಧ್ಯಾಯ ಮುಗಿದಿರಬಹುದು. ಆದರೆ ಈ ಪ್ರಕರಣ ಎತ್ತಿದ ಪ್ರಶ್ನೆ ಮುಗಿದಿಲ್ಲ. ವೇಗವಾಗಿ ಬೆಳೆಯುವ ಸಂಸ್ಥೆಯೊಂದು ತನ್ನ ನೇಮಕಾತಿಯ ಮಟ್ಟವನ್ನು ಹೇಗೆ ಕಾಪಾಡಿಕೊಳ್ಳಬೇಕು? ಆ ಮಟ್ಟದ ಬೆಲೆಯನ್ನು ಯಾರು ತೆರಬೇಕು? ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಇದು ದೂರದ ಸುದ್ದಿಯಲ್ಲ. ಹಿಂದಿನ ತಲೆಮಾರಿಗೆ ಬ್ಯಾಂಕು, ರೈಲ್ವೆ, ಜೀವವಿಮಾ ನಿಗಮಗಳ ಪರೀಕ್ಷೆ ಹೇಗೆ ಜೀವನದ ಹೆಬ್ಬಾಗಿಲಾಗಿತ್ತೋ, ಇಂದಿನ ಮಕ್ಕಳಿಗೆ ಕಾಲೇಜಿನ ಆವರಣದಲ್ಲಿ ನಡೆಯುವ ಆಯ್ಕೆಯು ಹಾಗೆಯೇ ಆಗಿದೆ.

ಕಲಿಯುವ ಶಕ್ತಿಯೇ ಅರ್ಹತೆ

ಇನ್ಫೋಸಿಸ್ 1981ರಲ್ಲಿ ಪುಣೆಯಲ್ಲಿ ಏಳು ಮಂದಿ ಎಂಜಿನಿಯರರಿಂದ ಆರಂಭವಾಗಿ 1983ರಲ್ಲಿ ಬೆಂಗಳೂರಿಗೆ ಬಂದ ಸಂಸ್ಥೆ. 2002ರ ಸುಮಾರಿಗೆ ಅಲ್ಲಿದ್ದವರು 10 ಸಾವಿರದಷ್ಟು. 2006ರಲ್ಲಿ ಆ ಸಂಖ್ಯೆ 50 ಸಾವಿರ ದಾಟಿತು. 2009ರಲ್ಲಿ ಒಂದು ಲಕ್ಷ ಮೀರಿತು. ಏಳು ವರ್ಷಗಳಲ್ಲಿ ಹತ್ತು ಪಟ್ಟು ಬೆಳೆದ ಸಂಸ್ಥೆಗೆ ಅಷ್ಟೂ ಮಂದಿ ಸಿದ್ಧಪಡಿಸಿದ ತಂತ್ರಜ್ಞರು ಎಲ್ಲಿಂದ ದೊರೆಯಬೇಕು? ದೊರೆಯುವುದಿಲ್ಲವೆಂಬುದನ್ನು ಅದರ ಸ್ಥಾಪಕರು ಬಲ್ಲವರಾಗಿದ್ದರು. ಆದುದರಿಂದ ಅವರು ಅರ್ಹತೆಯ ಅರ್ಥವನ್ನೇ ಬದಲಿಸಿದರು. ಏನು ಬರುತ್ತದೆ ಎಂಬುದಕ್ಕಿಂತ ಎಷ್ಟು ಬೇಗ ಕಲಿಯಬಲ್ಲರು ಎಂಬುದನ್ನು ಅಳೆಯಲಾರಂಭಿಸಿದರು. ಸಿವಿಲ್, ಮೆಕ್ಯಾನಿಕಲ್ ಓದಿದವರೂ ಆಯ್ಕೆಯಾದರು. ಆಯ್ದವರಿಗೆ ಹಲವು ತಿಂಗಳು ಸಂಬಳ ಕೊಟ್ಟು ಕಲಿಸಲು, ಏಕಕಾಲಕ್ಕೆ 10 ಸಾವಿರಕ್ಕೂ ಹೆಚ್ಚು ಮಂದಿಯನ್ನು ಇರಿಸಿಕೊಳ್ಳಬಲ್ಲ ತರಬೇತಿ ಕೇಂದ್ರವನ್ನು ಮೈಸೂರಿನಲ್ಲಿ ಕಟ್ಟಿದರು.

ಈ ಯೋಜನೆಯ ಹಿರಿಮೆಯನ್ನು ನಾವು ಅಲ್ಲಗಳೆಯುವಂತಿಲ್ಲ. ಸಣ್ಣ ಊರಿನ, ಸಾಧಾರಣ ಕಾಲೇಜಿನ, ಇಂಗ್ಲಿಷ್ ಮಾತನಾಡಲು ಅಳುಕುತ್ತಿದ್ದ ಸಾವಿರಾರು ಮಕ್ಕಳಿಗೆ ಅದು ಬಾಗಿಲು ತೆರೆಯಿತು. ಅಲ್ಲಿ ಪರೀಕ್ಷೆಗಳೂ ಇದ್ದವು, ಪರೀಕ್ಷೆಯಲ್ಲಿ ಸೋತು ಹೊರಬಂದವರೂ ಇದ್ದರು. ಆದರೆ ಕಲಿಯುವ ಶಕ್ತಿಯನ್ನು ನೋಡಿ ಆಯ್ಕೆ ಮಾಡುವ ಪದ್ಧತಿಯು ಒಂದು ಕರಾರಿನ ಮೇಲೆ ನಿಂತಿದೆ. ಆಯ್ಕೆಯಾದವನು ಬೇಗನೆ ಬಂದು ಸೇರಬೇಕು, ಸಂಸ್ಥೆಯು ಮನಸ್ಸಿಟ್ಟು ಕಲಿಸಬೇಕು, ಪರೀಕ್ಷೆಯು ಕಲಿಕೆಯ ಅಳತೆಯಾಗಿರಬೇಕು. ಈ ಮೂರರಲ್ಲಿ ಒಂದು ಸಡಿಲಗೊಂಡರೂ ಉಳಿದೆರಡು ಅರ್ಥ ಕಳೆದುಕೊಳ್ಳುತ್ತವೆ.

ಆತುರದ ವರ್ಷಗಳು

ಸಡಿಲವಾದುದು 2021-22ರಲ್ಲಿ. ಕೋವಿಡ್ ಸಾಂಕ್ರಾಮಿಕದ ನಂತರ ಜಗತ್ತಿನ ವ್ಯಾಪಾರವೆಲ್ಲ ಗಣಕಯಂತ್ರದ ಮೂಲಕವೇ ನಡೆಯಬೇಕಾಗಿ ಬಂದು, ತಂತ್ರಾಂಶ ಸಂಸ್ಥೆಗಳಿಗೆ ಕೆಲಸದ ಹೊಳೆಯೇ ಹರಿಯಿತು. ಅದೇ ವೇಳೆ ಇದ್ದ ನೌಕರರು ಹೆಚ್ಚಿನ ಸಂಬಳಕ್ಕಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರತೊಡಗಿದರು. ಇನ್ಫೋಸಿಸ್‌ನಲ್ಲಿ ಸಂಸ್ಥೆ ತೊರೆಯುವವರ ವಾರ್ಷಿಕ ಪ್ರಮಾಣವು 2022ರಲ್ಲಿ ನೂರಕ್ಕೆ 27ನ್ನು ಮೀರಿತು. ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ. ಆ ಆರ್ಥಿಕ ವರ್ಷದಲ್ಲಿ ಸಂಸ್ಥೆಯು ಹೊಸ ಪದವೀಧರರನ್ನೇ ಸುಮಾರು 85 ಸಾವಿರ ಮಂದಿ ನೇಮಿಸಿಕೊಂಡಿತು. ಟಿಸಿಎಸ್ ಸಂಸ್ಥೆಯ ಲೆಕ್ಕ ಒಂದು ಲಕ್ಷ. ಎರಡೇ ವರ್ಷಗಳಲ್ಲಿ ಗಾಳಿ ತಿರುಗಿತು. 2023-24ರಲ್ಲಿ ಇನ್ಫೋಸಿಸ್ ತೆಗೆದುಕೊಂಡ ಹೊಸಬರು 12 ಸಾವಿರಕ್ಕಿಂತ ಕಡಿಮೆ. ಉಬ್ಬರದ ಕಾಲದಲ್ಲಿ ಕೊಟ್ಟ ಆಫರ್ ಪತ್ರಗಳು ಇಳಿತದ ಕಾಲದಲ್ಲಿ ಭಾರವಾದವು.

ಇದು ಭಾರತದ ಸಂಸ್ಥೆಗಳಿಗೆ ಮಾತ್ರ ಅಂಟಿದ ರೋಗವೂ ಅಲ್ಲ. ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾದಲ್ಲಿ 2019ರ ಕೊನೆಗೆ ಸುಮಾರು 45 ಸಾವಿರ ಮಂದಿಯಿದ್ದರು. 2022ರ ಸೆಪ್ಟೆಂಬರಿಗೆ 87 ಸಾವಿರವಾದರು. ಅದೇ ನವೆಂಬರಿನಲ್ಲಿ 11 ಸಾವಿರ ಮಂದಿಯನ್ನು ಕೈಬಿಡಲಾಯಿತು. 2023ರ ಜನವರಿಯಲ್ಲಿ ಗೂಗಲ್‌ನ ಮಾತೃಸಂಸ್ಥೆ ಆಲ್ಫಬೆಟ್ 12 ಸಾವಿರ ಹುದ್ದೆಗಳನ್ನು ಕಡಿತಗೊಳಿಸಿತು. ನೇಮಕಾತಿಯಲ್ಲಿ ಜಗತ್ತಿಗೇ ಮಾದರಿಯೆನಿಸಿಕೊಂಡವರ ಗತಿಯೇ ಹೀಗಾದ ಮೇಲೆ, ಅವರ ಮಾದರಿ ಏನಿತ್ತು, ಎಲ್ಲಿ ಸೋತಿತು ಎಂಬುದನ್ನು ನೋಡುವುದು ಉಚಿತ.

ಅವಸರವಿದ್ದವನ ಕೈಯಲ್ಲಿ ತಕ್ಕಡಿ ಬೇಡ

ಬೆಳೆಯುವ ಸಂಸ್ಥೆಯಲ್ಲಿ ಮಟ್ಟ ಕುಸಿಯುವುದು ಯಾರದೋ ದುರುದ್ದೇಶದಿಂದಲ್ಲ. ತಂಡದ ಮುಖ್ಯಸ್ಥನ ಮುಂದೆ ಕೆಲಸ ರಾಶಿ ಬಿದ್ದಿರುತ್ತದೆ, ಕುರ್ಚಿ ಖಾಲಿಯಿರುತ್ತದೆ, ಎದುರಿಗೆ ಕುಳಿತ ಅಭ್ಯರ್ಥಿ ಪರವಾಗಿಲ್ಲ ಎನಿಸುತ್ತಾನೆ. ಆಯ್ಕೆ ಮುಗಿಯಿತು. ಈ ದೌರ್ಬಲ್ಯವನ್ನು ಅರಿತೇ ಅಮೆಜಾನ್ ಸಂಸ್ಥೆಯು 1999ರಲ್ಲಿ ಒಂದು ವ್ಯವಸ್ಥೆ ತಂದಿತು. ಸಂದರ್ಶಕರ ಮಂಡಲಿಯಲ್ಲಿ ಆ ತಂಡಕ್ಕೆ ಸಂಬಂಧವೇ ಇಲ್ಲದ, ತರಬೇತಿ ಪಡೆದ ಒಬ್ಬರಿರುತ್ತಾರೆ. ಅವರು ಬೇಡವೆಂದರೆ ಮುಖ್ಯಸ್ಥನು ಎಷ್ಟೇ ಕಷ್ಟದಲ್ಲಿದ್ದರೂ ನೇಮಕವಿಲ್ಲ. ಹೊಸಬನು ತಂಡದ ಸರಾಸರಿಯನ್ನು ಮೇಲೆತ್ತುವನೇ ಎಂಬುದೇ ಅವರ ಮುಂದಿರುವ ಪ್ರಶ್ನೆ. ಗೂಗಲ್ ಸಂಸ್ಥೆಯು ತನ್ನ ಬೆಳವಣಿಗೆಯ ವರ್ಷಗಳಲ್ಲಿ ನಿರ್ಧಾರವನ್ನು ಸಮಿತಿಗೆ ಒಪ್ಪಿಸಿತು. ಹುದ್ದೆ ತುಂಬಬೇಕಾದ ಅಧಿಕಾರಿಯೊಬ್ಬನೇ ಆಯ್ಕೆ ಮಾಡುವಂತಿರಲಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವ ನಮಗೆ ಈ ತರ್ಕ ಹೊಸದಲ್ಲ. ಸಾಲದ ಗುರಿ ಮುಟ್ಟಬೇಕಾದವರೇ ಸಾಲದ ಗುಣವನ್ನೂ ತೀರ್ಮಾನಿಸಬಾರದೆಂಬುದು ಬ್ಯಾಂಕುಗಳು ಬಹಳ ಬೆಲೆ ತೆತ್ತು ಕಲಿತ ಪಾಠ. ಆರ್ಥಿಕತೆ ಭರದಿಂದ ಬೆಳೆಯುತ್ತಿದ್ದ ಕಾಲದಲ್ಲಿ ಧಾರಾಳವಾಗಿ ಕೊಟ್ಟ ಸಾಲಗಳು ಆಗ ಬ್ಯಾಲೆನ್ಸ್ ಶೀಟಿನ ಅಲಂಕಾರವಾಗಿದ್ದವು. ರಿಸರ್ವ್ ಬ್ಯಾಂಕು 2015ರಲ್ಲಿ ಆಸ್ತಿಗಳ ಗುಣಮಟ್ಟದ ಪರಿಶೀಲನೆ ಆರಂಭಿಸಿದ ಮೇಲೆ ನಿಜರೂಪ ತಿಳಿಯಿತು. 2018ರ ಮಾರ್ಚಿನಲ್ಲಿ ವಸೂಲಾಗದ ಸಾಲದ ಪ್ರಮಾಣ ನೂರಕ್ಕೆ 11ನ್ನು ಮೀರಿತ್ತು. ಸಾಲದ ಹಣೆಬರಹ ಬಹುಮಟ್ಟಿಗೆ ಮಂಜೂರಾತಿಯ ದಿನವೇ ಬರೆಯಲ್ಪಡುತ್ತದೆ, ವಸೂಲಾತಿಯ ದಿನವಲ್ಲ. ನೇಮಕಾತಿಯೂ ಹಾಗೆಯೇ. ವ್ಯತ್ಯಾಸವಿಷ್ಟೇ: ಬ್ಯಾಂಕು ಎಡವಿದರೆ ನಷ್ಟ ಬ್ಯಾಂಕಿನ ಲೆಕ್ಕಕ್ಕೆ ಬರುತ್ತದೆ, ನೇಮಕಾತಿಯಲ್ಲಿ ಸಂಸ್ಥೆ ಎಡವಿದರೆ ನಷ್ಟ ಇಪ್ಪತ್ತನಾಲ್ಕರ ಹರೆಯದ ಹುಡುಗಿಯ ಲೆಕ್ಕಕ್ಕೆ ಬರುತ್ತದೆ.

ಒಗಟು ಬಿಡಿಸಿದವನೇ ಜಾಣನೇ?

ಕಟ್ಟುನಿಟ್ಟಿನ ಬಾಗಿಲೆಂದರೆ ಕಷ್ಟದ ಬಾಗಿಲೆಂದು ಅರ್ಥವಲ್ಲ. ಇನ್ಫೋಸಿಸ್ ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳು, ಬೆಂಗಳೂರಿನಲ್ಲೇ ಹುಟ್ಟಿದ ಗಣಿತ ಪ್ರತಿಭೆ ಶಕುಂತಲಾದೇವಿಯವರ ಒಗಟಿನ ಪುಸ್ತಕಗಳನ್ನು ಹುಡುಕಿ ಓದುತ್ತಿದ್ದ ಕಾಲವೊಂದಿತ್ತು. ಗೂಗಲ್ ಕೂಡ 2004ರಲ್ಲಿ ಅಮೆರಿಕದ ಹೆದ್ದಾರಿಯ ಬದಿಯಲ್ಲಿ ಗಣಿತದ ಒಗಟೊಂದನ್ನು ಫಲಕವಾಗಿ ನಿಲ್ಲಿಸಿ, ಬಿಡಿಸಿದವರನ್ನು ಕೆಲಸಕ್ಕೆ ಆಹ್ವಾನಿಸಿತ್ತು. ಮುಂದೆ ಅದೇ ಸಂಸ್ಥೆ ತನ್ನ ದಾಖಲೆಗಳನ್ನೆಲ್ಲ ತಾಳೆ ನೋಡಿದಾಗ, ಒಗಟುಗಳಿಂದ ಅಭ್ಯರ್ಥಿಯ ಮುಂದಿನ ಕೆಲಸದ ಬಗ್ಗೆ ಏನೂ ತಿಳಿಯದೆಂದು ಕಂಡುಬಂತು. ಅದರ ಮಾನವ ಸಂಪನ್ಮೂಲ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ 2013ರಲ್ಲಿ ಇದನ್ನು ಬಹಿರಂಗವಾಗಿಯೇ ಹೇಳಿದರು. ನಾಲ್ಕು ಸಂದರ್ಶನಗಳ ನಂತರ ಇನ್ನೆಷ್ಟು ನಡೆಸಿದರೂ ಹೆಚ್ಚಿನ ಪ್ರಯೋಜನವಿಲ್ಲವೆಂಬುದೂ ಆ ಸಂಸ್ಥೆ ಕಂಡುಕೊಂಡ ಸಂಗತಿ.

ಹಾಗಾದರೆ ಯಾವುದು ಉಪಯುಕ್ತ? ಫ್ರ್ಯಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಎಂಬ ಮನಶ್ಶಾಸ್ತ್ರಜ್ಞರು 85 ವರ್ಷಗಳ ಸಂಶೋಧನೆಗಳನ್ನು ಕ್ರೋಡೀಕರಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಉತ್ತರ ನೀಡಿದೆ. ಮಾಡಬೇಕಾದ ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡುವುದು, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳಿ ಒಂದೇ ಅಳತೆಗೋಲಿನಿಂದ ಅಂಕ ಕೊಡುವುದು, ಇವು ಮನಸ್ಸಿಗೆ ತೋಚಿದಂತೆ ನಡೆಸುವ ಸಂದರ್ಶನಕ್ಕಿಂತ ಹೆಚ್ಚು ನಂಬಲರ್ಹ. ಇದರಲ್ಲಿ ಮಾಯಾಮಂತ್ರವೇನಿಲ್ಲ. ಬೇಕಾದುದು ಸಮಯ, ತಾಳ್ಮೆ ಮತ್ತು ಹಣ. ಒಂದೇ ದಿನದಲ್ಲಿ ಸಾವಿರಾರು ಮಂದಿಯನ್ನು ಸೋಸುವ ಆತುರದಲ್ಲಿ ಮೊದಲು ಕಳೆದುಹೋಗುವುದೂ ಇವೇ.

ಬೆಲೆ ತೆರುವವರು ಯಾರು?

ಇಷ್ಟನ್ನು ಇಟ್ಟುಕೊಂಡು ಮೈಸೂರಿನ ಪ್ರಕರಣವನ್ನು ನೋಡೋಣ. ಪರೀಕ್ಷೆ ನಡೆಸಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಗ್ರಾಹಕರ ಹಣ, ಆಸ್ಪತ್ರೆಗಳ ದಾಖಲೆ, ವಿಮಾನಗಳ ಸಂಚಾರ ಎಲ್ಲವೂ ತಂತ್ರಾಂಶದ ಮೇಲೆ ನಡೆಯುವಾಗ ಅದನ್ನು ಬರೆಯುವವರಿಗೆ ಒಂದು ಮಟ್ಟ ಇರಲೇಬೇಕು. ಕರುಣೆಯಿಂದ ಅಂಕ ಕೊಡಬೇಕೆಂದು ಕೇಳುವುದು ಆ ಮಕ್ಕಳಿಗೇ ಅವಮಾನ. ನಮ್ಮ ತಕರಾರು ಕಾಲದ ಬಗ್ಗೆ. ಕಲಿಯುವ ಶಕ್ತಿಯನ್ನು ನೋಡಿ ಆಯ್ದವರನ್ನು ಎರಡು ವರ್ಷ ಮನೆಯಲ್ಲಿ ಕೂರಿಸಿ, ಓದಿದ್ದು ತುಕ್ಕು ಹಿಡಿದ ಮೇಲೆ ಕರೆದು, ಕೆಲವೇ ತಿಂಗಳುಗಳಲ್ಲಿ ಅಳೆದರೆ, ಅಲ್ಲಿ ಅಳೆಯಲ್ಪಡುವುದು ಅವರ ಶಕ್ತಿಯಷ್ಟೇ ಅಲ್ಲ, ಸಂಸ್ಥೆ ಮಾಡಿದ ವಿಳಂಬವೂ ಹೌದು. ಆ ಎರಡು ವರ್ಷಗಳಲ್ಲಿ ಆಫರ್ ಪತ್ರವನ್ನು ನಂಬಿ ಬೇರೆ ಕೆಲಸ ಬಿಟ್ಟವರು ಎಷ್ಟೋ. ಹೊರಬಂದಾಗ ಅವರು ಹೊಸ ಪದವೀಧರರೂ ಅಲ್ಲ, ಅನುಭವಿಗಳೂ ಅಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಸಂಸ್ಥೆಗಳಿಗೂ ಅನ್ವಯಿಸುತ್ತದೆ.

ಇನ್ನೊಂದು ಸಂಗತಿಯೂ ಇದೆ. ದೊಡ್ಡ ತಂತ್ರಾಂಶ ಸಂಸ್ಥೆಗಳು ಸಾಮಾನ್ಯ ಹುದ್ದೆಗೆ ಸೇರುವ ಹೊಸಬರಿಗೆ ಕೊಡುವ ವಾರ್ಷಿಕ ವೇತನವು ಹತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಮೂರೂವರೆ ಲಕ್ಷ ರೂಪಾಯಿಯ ಆಸುಪಾಸಿನಲ್ಲೇ ಉಳಿದಿದೆ. ಬಾಡಿಗೆ, ಬಸ್ಸಿನ ದರ, ಕಾಲೇಜಿನ ಶುಲ್ಕ ಯಾವುದೂ ಹಾಗೆ ನಿಂತಿಲ್ಲ. ಬೆಲೆಯನ್ನು ಏರಿಸದೆ ಮಟ್ಟವನ್ನು ಮಾತ್ರ ಏರಿಸಲು ಹೊರಟರೆ ಅದನ್ನು ಉನ್ನತ ಮಟ್ಟವೆಂದು ಕರೆಯುವುದು ಕಷ್ಟ.

ಆದುದರಿಂದ ಉನ್ನತ ಮಟ್ಟವೆಂಬ ಮಾತಿಗೆ ಮೂರು ಲಕ್ಷಣಗಳಿರಬೇಕೆಂಬುದು ನಮ್ಮ ಅಭಿಪ್ರಾಯ. ಮೊದಲನೆಯದು, ಕಲಿಸಲು ಸಾಧ್ಯವಾಗುವಷ್ಟು ಮಂದಿಯನ್ನೇ ಆರಿಸುವುದು, ಅಗತ್ಯ ಬಿದ್ದರೆ ಕುರ್ಚಿಯನ್ನು ಖಾಲಿ ಬಿಡುವ ಧೈರ್ಯ. ಎರಡನೆಯದು, ಸೇರುವ ದಿನಾಂಕವನ್ನು ಪತ್ರದಲ್ಲಿಯೇ ನಮೂದಿಸಿ, ಅದು ತಪ್ಪಿದರೆ ಕಾಯುವ ಅವಧಿಗೆ ಗೌರವಧನ ಕೊಡುವುದು. ಮೂರನೆಯದು, ಒಳಗಿನ ಪರೀಕ್ಷೆಯ ಸ್ವರೂಪವನ್ನು ಆಯ್ಕೆಯ ದಿನವೇ ತಿಳಿಸಿ ನಡುವೆ ಬದಲಿಸದಿರುವುದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಎಲ್ಲರಿಗೂ ಕಡ್ಡಾಯಗೊಳಿಸಿರುವುದು ಸ್ವಾಗತಾರ್ಹ. ಆದರೆ ಆಫರ್ ಪತ್ರ ಬಂದ ದಿನಕ್ಕೂ ಕೆಲಸಕ್ಕೆ ಸೇರುವ ದಿನಕ್ಕೂ ನಡುವಿನ ಆ ಬಯಲಿನಲ್ಲಿ ಅಭ್ಯರ್ಥಿಗೆ ಆಸರೆಯಾಗುವವರು ಯಾರೆಂಬ ಪ್ರಶ್ನೆ ಉಳಿದೇ ಇದೆ.

ಕುಟುಂಬಗಳಿಗೂ ಒಂದು ಮಾತು. ಆಫರ್ ಪತ್ರ ಬಂದ ದಿನ ನಾವು ಬಂಧುಗಳಿಗೆಲ್ಲ ಸಿಹಿ ಹಂಚುತ್ತೇವೆ, ಹಂಚೋಣ. ಆದರೆ ಅದರ ಷರತ್ತುಗಳನ್ನು ಮಗುವಿನೊಂದಿಗೆ ಕುಳಿತು ಕೊನೆಯ ಪುಟದವರೆಗೆ ಓದೋಣ. ಸೇರುವ ದಿನಾಂಕ ಇದೆಯೇ, ತರಬೇತಿ ಎಷ್ಟು ಕಾಲ, ಪರೀಕ್ಷೆ ಎಷ್ಟು, ಸೋತರೆ ಏನು ಎಂಬುದನ್ನು ಕೇಳಿ ತಿಳಿಯೋಣ. ಆರು ತಿಂಗಳಾದರೂ ಕರೆ ಬಾರದಿದ್ದರೆ ಇನ್ನೊಂದು ಬಾಗಿಲು ತಟ್ಟುವುದು ನಂಬಿಕೆದ್ರೋಹವಲ್ಲವೆಂದು ಮಕ್ಕಳಿಗೆ ಧೈರ್ಯ ಹೇಳೋಣ. ಎಲ್ಲಕ್ಕಿಂತ ಮುಖ್ಯವಾಗಿ, ಇಂತಹ ಪರೀಕ್ಷೆಯಲ್ಲಿ ಸೋತು ಮನೆಗೆ ಬಂದ ಮಗುವನ್ನು ನೆರೆಹೊರೆಯವರ ಪ್ರಶ್ನೆಗಳಿಗೆ ಒಡ್ಡದಿರೋಣ. ಲಕ್ಷಾಂತರ ಜನರನ್ನು ಅವಸರದಲ್ಲಿ ಲೆಕ್ಕ ಹಾಕಿದ ಸಂಸ್ಥೆಯ ಅಂದಾಜು ತಪ್ಪಿದುದಕ್ಕೆ ಆ ಮಗು ತಲೆ ತಗ್ಗಿಸಬೇಕಾಗಿಲ್ಲ.