ಕತ್ತರಿ ಎತ್ತುವ ಮುನ್ನ ನಮ್ಮನ್ನೂ ಕೇಳಿ

ಕನ್ನಡದಲ್ಲಿ ತೊನ್ನು ಎನ್ನುತ್ತಾರೆ, ಉರ್ದುವಿನಲ್ಲಿ ಬರಸ್, ಮನೆಮಾತಿನಲ್ಲಿ ಸಫೇದ್ ದಾಗ್. ಹೆಸರು ಯಾವುದಾದರೇನು, ಅದನ್ನು ಹೇಳುವಾಗ ಎಲ್ಲ ಭಾಷೆಯವರೂ ದನಿ ತಗ್ಗಿಸುತ್ತಾರೆ. ಈ ಬಿಳಿ ಮಚ್ಚೆಗಳನ್ನು ಮೈಮೇಲೆ ಹೊತ್ತು ಬದುಕುತ್ತಿರುವ ನಾವು ಇನ್ನು ದನಿ ತಗ್ಗಿಸುವುದು ಬೇಡವೆಂದುಕೊಂಡಿದ್ದೇವೆ. ಏಕೆಂದರೆ ನಮ್ಮ ಚರ್ಮದ ಬಗ್ಗೆ ನಮ್ಮನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನ ಮಾಡುತ್ತಿದ್ದಾರೆ. ಆ ತೀರ್ಮಾನ ಈಗ ಆಪರೇಷನ್ ಥಿಯೇಟರಿನವರೆಗೂ ಬಂದು ನಿಂತಿದೆ.

ಮೊದಲು ರೋಗದ ಮಾತು. ತೊನ್ನು ಅಂಟುರೋಗವಲ್ಲ. ಕುಷ್ಠವಂತೂ ಅಲ್ಲವೇ ಅಲ್ಲ. ಕುಷ್ಠಕ್ಕೆ ರೋಗಾಣು ಕಾರಣ. ತೊನ್ನಿನಲ್ಲಿ ನಮ್ಮದೇ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಜಗತ್ತಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ ಒಬ್ಬರಿಗೆ ಇದು ಇದೆ. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆಂಬ ಮಾತಿಗೆ ಯಾವ ಆಧಾರವೂ ಇಲ್ಲ. ಆದರೂ 'ಬಿಳಿ ಕುಷ್ಠ' ಎಂಬ ಹೆಸರು ನಮ್ಮ ಬೆನ್ನು ಬಿಟ್ಟಿಲ್ಲ. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಲ್ಲೂ 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ಕುಷ್ಠ ವಿಚ್ಛೇದನಕ್ಕೆ ಕಾರಣವಾಗಿತ್ತು. ಸಂಸತ್ತು ಅದನ್ನು ಅಳಿಸಿ ಹಾಕಿದ್ದು 2019ರಲ್ಲಿ. ಆ ಪಟ್ಟಿಯಲ್ಲಿ ತೊನ್ನಿನ ಹೆಸರು ಇರಲೇ ಇಲ್ಲ. ಆದರೆ ಹೆಣ್ಣು ನೋಡಲು ಬರುವವರ ಕಾಯ್ದೆಯೇ ಬೇರೆ. ತೊನ್ನಿರುವ ಗಂಡಿಗೆ ಬಡವರ ಮನೆಯ ಹೆಣ್ಣು ಸಿಗುತ್ತಾಳೆ. ತೊನ್ನಿರುವ ಹೆಣ್ಣಿಗೆ ಎರಡನೇ ಸಂಬಂಧ, ಇಲ್ಲವೇ ಎರಡು ಪಟ್ಟು ವರದಕ್ಷಿಣೆ.

ಔಷಧಿ ಇಲ್ಲವೆಂದಲ್ಲ. ಯುನಾನಿಯ ಬಾಬ್ಚಿ, ಆಯುರ್ವೇದದ ಬಾಕುಚಿ ಎರಡೂ ಒಂದೇ ಬೀಜ. ಅದರಲ್ಲಿರುವ ಸೋರಲೆನ್ ಎಂಬ ವಸ್ತುವಿಗೆ ಬಿಸಿಲು ಸೇರಿದರೆ ಬಣ್ಣ ಮರಳಬಲ್ಲದು. ಅಳತೆ ತಪ್ಪಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಕೈರೋದ ವೈದ್ಯ ಎಲ್ ಮೊಫ್ತಿ ಇನ್ನೊಂದು ಗಿಡದಿಂದ ತೆಗೆದ ಇದೇ ಜಾತಿಯ ವಸ್ತುವನ್ನು ಬಳಸಿ 1940ರ ದಶಕದಲ್ಲಿ ಆಧುನಿಕ ಚಿಕಿತ್ಸೆಗೆ ದಾರಿ ಮಾಡಿದರು. ಇಂದು ಮುಲಾಮುಗಳಿವೆ, ವಾರಕ್ಕೆ ಎರಡು ಮೂರು ಬಾರಿ ತಿಂಗಳುಗಟ್ಟಲೆ ಪಡೆಯಬೇಕಾದ ಬೆಳಕಿನ ಚಿಕಿತ್ಸೆಯಿದೆ. ರುಕ್ಸೋಲಿಟಿನಿಬ್ ಎಂಬ ಮುಲಾಮಿಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇವಕ್ಕೆಲ್ಲ ಬೇಕಾದದ್ದು ತಾಳ್ಮೆ. ಮದುವೆಯ ಮಾತುಕತೆಗೆ ಇಲ್ಲದಿರುವುದೂ ಅದೇ.

ಇಲ್ಲಿಗೆ ಶಸ್ತ್ರಚಿಕಿತ್ಸೆ ಬರುತ್ತದೆ. ತೊಡೆಯಿಂದಲೋ ಪೃಷ್ಠದಿಂದಲೋ ಬಣ್ಣವಿರುವ ಚರ್ಮದ ತೆಳು ಪದರವನ್ನು ತೆಗೆದು ಮಚ್ಚೆಯ ಮೇಲೆ ನಾಟಿ ಮಾಡುತ್ತಾರೆ. ಇಲ್ಲವೇ ಅದರ ಜೀವಕೋಶಗಳನ್ನು ಬಿಡಿಸಿ ದ್ರವದಲ್ಲಿ ಬೆರೆಸಿ ಹರಡುತ್ತಾರೆ. ಹೀಗೆ ಮಾಡಿದರೆ ತೆಗೆದ ಚರ್ಮಕ್ಕಿಂತ ಹಲವು ಪಟ್ಟು ದೊಡ್ಡ ಜಾಗಕ್ಕೆ ಸಾಕಾಗುತ್ತದೆ. ಇದು ಬೂಟಾಟಿಕೆಯಲ್ಲ, ನಿಜವಾದ ವೈದ್ಯವಿದ್ಯೆ. ದೇಹದ ಒಂದೇ ಬದಿಗೆ ಸೀಮಿತವಾಗಿ ನಿಂತುಹೋದ ತೊನ್ನಿನಲ್ಲಿ ಒಳ್ಳೆಯ ಫಲ ಕೊಡುತ್ತದೆ.

ಆದರೆ ಅದಕ್ಕೊಂದು ಷರತ್ತಿದೆ. ಕನಿಷ್ಠ ಒಂದು ವರ್ಷ ಹೊಸ ಮಚ್ಚೆ ಮೂಡಿರಬಾರದು, ಹಳೆಯದು ಹರಡಿರಬಾರದು. ನಮ್ಮ ದೇಶದ ಚರ್ಮವೈದ್ಯರ ಸಂಘವೇ 2008ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಈ ಮಾತಿದೆ. ರೋಗ ಇನ್ನೂ ಹರಡುತ್ತಿರುವಾಗ ಕತ್ತರಿ ಹಾಕಿದರೆ ನಾಟಿ ಮಾಡಿದ ಬಣ್ಣವೂ ಹೋಗಬಹುದು, ಚರ್ಮ ತೆಗೆದ ಜಾಗದಲ್ಲೇ ಹೊಸ ತೊನ್ನು ಹುಟ್ಟಬಹುದು. ಒಂದು ಮಚ್ಚೆ ಮುಚ್ಚಲು ಹೋಗಿ ಎರಡು ಪಡೆದಂತೆ. ಬೆರಳ ತುದಿಯಂಥ ಜಾಗಗಳಲ್ಲಿ ಫಲ ಕಡಿಮೆ. ಎಲ್ಲ ಸರಿಹೋದರೂ ಬಣ್ಣ ತುಂಬಿ ಸುತ್ತಲಿನ ಚರ್ಮಕ್ಕೆ ಹೊಂದಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ.

'ರಂಜಾನ್ ಮುಗಿದ ಕೂಡಲೇ ನಿಕಾಹ್, ಅಷ್ಟರೊಳಗೆ ಹುಡುಗಿಯ ಕೈ ಸರಿಮಾಡಿಕೊಡಿ' ಎಂದು ಕೇಳುವ ಮನೆಯವರಿಗೆ ಇದು ಅರ್ಥವಾಗುತ್ತದೆಯೇ? ಶಾದಿ ಮಹಲಿನ ಬುಕಿಂಗ್ ತಾರೀಖು ನೋಡಿ ಕತ್ತರಿ ಎತ್ತಿಕೊಳ್ಳುವ ವೈದ್ಯರಿಗಾದರೂ ಅರ್ಥವಾಗಬೇಡವೇ? ಹೆತ್ತವರ ಸಂಕಟ ಸುಳ್ಳಲ್ಲ, ಅದನ್ನು ನಾವು ಬಲ್ಲೆವು. ಆದರೆ ಮದುವೆಯ ಹೊತ್ತಿಗೆ ಮುಚ್ಚಿಟ್ಟ ಮಚ್ಚೆ ಮುಂದೆ ಮತ್ತೆ ಮೂಡಿದರೆ ಆ ಹುಡುಗಿಯ ಗತಿಯೇನು? ಆಗ ಅವಳ ಮೇಲೆ ರೋಗದ ಜೊತೆ ಮೋಸದ ಆರೋಪವೂ ಬೀಳುತ್ತದೆ.

ಇನ್ನೊಂದು ಕಡೆ ತಕ್ದೀರಿನ ಹೆಸರು ಹೇಳಿ ಶಸ್ತ್ರಚಿಕಿತ್ಸೆಯೇ ಕೂಡದೆನ್ನುವವರಿದ್ದಾರೆ. ದೇವರ ಸೃಷ್ಟಿಯನ್ನು ತಿದ್ದಬಾರದಂತೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ ಅವರಿಗೆ ಚಿನ್ನದ ಮೂಗು ಹಾಕಿಸಿಕೊಳ್ಳಲು ಪ್ರವಾದಿಯವರು ಹೇಳಿದ ಹದೀಸನ್ನು ಇವರು ಓದಿಲ್ಲವೇ? ರೋಗಕ್ಕೆ ಚಿಕಿತ್ಸೆ ಪಡೆಯುವುದು ಸೃಷ್ಟಿಯ ಮೇಲಿನ ದಂಗೆಯಲ್ಲ. ತಮ್ಮ ಹಲ್ಲು ನೋವಿಗೆ, ಕಣ್ಣಿನ ಪೊರೆಗೆ ತಕ್ದೀರಿನ ನೆನಪಾಗದವರು ನಮ್ಮ ಚರ್ಮಕ್ಕೆ ಮಾತ್ರ ಅದನ್ನು ಉಪದೇಶಿಸುವುದು ವಿಪರ್ಯಾಸ.

'ಬೇಗ ಮಾಡಿಸಿಕೋ' ಎನ್ನುವವರೂ 'ಮಾಡಿಸಲೇಬೇಡ' ಎನ್ನುವವರೂ ಒಂದೇ ಕಡೆ ನಿಂತಿದ್ದಾರೆ: ಇಬ್ಬರೂ ನಮ್ಮನ್ನು ಕೇಳುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರನ್ನು ನಾವು ಹೀಗಳೆಯುವುದಿಲ್ಲ. ಮಚ್ಚೆಯೊಡನೆಯೇ ಬದುಕುವವರ ಮುಂದೆ ಮರುಕದ ಮುಖ ಹೊತ್ತು ಬರುವುದೂ ಬೇಡ. ಮಾಡಿಸಿಕೊಳ್ಳುವವರು ವೈದ್ಯರನ್ನು ನೇರವಾಗಿ ಕೇಳಲಿ: ನನ್ನ ರೋಗ ವರ್ಷದಿಂದ ನಿಂತಿದೆಯೆಂದು ಹೇಗೆ ತಿಳಿದಿರಿ? ಮೊದಲು ಸಣ್ಣ ಜಾಗದಲ್ಲಿ ನಾಟಿ ಮಾಡಿ ಪರೀಕ್ಷಿಸುತ್ತೀರಾ? ಫಲಿಸದಿದ್ದರೆ ಮುಂದೇನು? ಉತ್ತರ ಕೊಡದೆ ದಿನಾಂಕ ಕೊಡುವವರಿಂದ ಎದ್ದು ಬರಲಿ. ಗೋಡೆಗಳ ಮೇಲೆ 'ಬಿಳಿ ಕಲೆ ಗ್ಯಾರಂಟಿ ಮಾಯ' ಎಂದು ಬರೆಸುವವರ ಬಳಿಗಂತೂ ಹೋಗದಿರಲಿ. ಹಾಗೆ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ.

ಹೆಣ್ಣು ನೋಡಲು ಹೊರಡುವ ಮನೆಯವರಿಗೂ ಒಂದು ಮಾತು. ನಮ್ಮ ತೋಳು ತಿರುಗಿಸಿ ನೋಡುವ ಮುನ್ನ ನಿಮ್ಮ ಮಗನಿಗೆ ಸಕ್ಕರೆ ಕಾಯಿಲೆಯಿದೆಯೇ, ಕುಡಿತವಿದೆಯೇ, ಕೈ ಎತ್ತುವ ಚಾಳಿಯಿದೆಯೇ ಎಂಬುದನ್ನು ಹೇಳಿ. ತೊನ್ನಿನ ಜೊತೆ ಸಂಸಾರ ಮಾಡಬಹುದು. ಅದು ಯಾರನ್ನೂ ಹೊಡೆಯುವುದಿಲ್ಲ.