ಕಾಲು ನೋಡದೆ ಬರೆದ ಡಿ-ಡೈಮರ್

ಒಂದು ಕಾಲಿನ ಮೀನಖಂಡ ಬಾತುಕೊಂಡಿದೆ, ಒತ್ತಿದರೆ ನೋವು. ಇನ್ನೊಂದು ಕಾಲು ಎಂದಿನಂತೆಯೇ ಇದೆ. ಸ್ನಾಯು ಹಿಡಿದುಕೊಂಡಿರಬಹುದು, ಚರ್ಮಕ್ಕೆ ಸೋಂಕು ತಗುಲಿರಬಹುದು. ಆಳದಲ್ಲಿರುವ ಅಭಿಧಮನಿಯೊಳಗೆ ರಕ್ತ ಹೆಪ್ಪುಗಟ್ಟಿರಲೂಬಹುದು. ಆ ಹೆಪ್ಪಿನ ತುಂಡು ಕಳಚಿಕೊಂಡು ಹೃದಯದ ಮೂಲಕ ಹಾದು ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ. ಇದು ಯಾವುದೆಂದು ತಿಳಿಯುವುದಕ್ಕೆ ನೆರವಾಗುವ ರಕ್ತಪರೀಕ್ಷೆಯೇ ಡಿ-ಡೈಮರ್. ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಈ ಹೆಸರು ಊರೂರಿಗೆ ಗೊತ್ತಾಯಿತು. ಆದರೆ ಈ ಪರೀಕ್ಷೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದು ಇನ್ನೂ ಬಹಳ ಮಂದಿಗೆ ತಲುಪಿಲ್ಲ.

ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ. ದೇಹ ಕೂಡಲೇ ಆ ಬಲೆಯನ್ನು ಕರಗಿಸಲೂ ತೊಡಗುತ್ತದೆ. ಪ್ಲಾಸ್ಮಿನ್ ಎಂಬ ಕಿಣ್ವ ಅದನ್ನು ಕತ್ತರಿಸಿದಾಗ ಉಳಿಯುವ ಚೂರುಗಳಲ್ಲಿ ಒಂದು ಈ ಡಿ-ಡೈಮರ್. ಒಲೆಯಲ್ಲಿ ಬೂದಿಯೇ ಇಲ್ಲವೆಂದರೆ ಬೆಂಕಿ ಉರಿದಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಬೂದಿ ಕಂಡ ಮಾತ್ರಕ್ಕೆ ಅಲ್ಲಿ ಏನು ಬೆಂದಿತೆಂದು ಹೇಳಲಾಗದು. ಸೋಂಕು, ಕ್ಯಾನ್ಸರ್, ಶಸ್ತ್ರಚಿಕಿತ್ಸೆ, ಬಿದ್ದು ಆದ ಪೆಟ್ಟು, ಬಸಿರು, ಕೊನೆಗೆ ಬರೀ ವಯಸ್ಸು ಕೂಡ ಈ ಅಂಕಿಯನ್ನು ಏರಿಸುತ್ತವೆ. ಹಾಗಾಗಿ ‘ಹೆಪ್ಪು ಇಲ್ಲ’ ಎನ್ನುವಾಗ ಈ ಪರೀಕ್ಷೆಯನ್ನು ನಂಬಬಹುದು, ‘ಇದೆ’ ಎನ್ನಲು ಅದಕ್ಕೆ ಶಕ್ತಿ ಸಾಲದು.

‘ಇಲ್ಲ’ ಎನ್ನುವ ಮಾತಿಗೂ ಒಂದು ಷರತ್ತಿದೆ. ಮೊದಲು ವೈದ್ಯರು ಕಾಲನ್ನು ಮುಟ್ಟಿ ನೋಡಿರಬೇಕು.

ಕೆನಡಾದ ವೈದ್ಯ ಫಿಲಿಪ್ ವೆಲ್ಸ್ ಮತ್ತು ಸಂಗಡಿಗರು ಇದಕ್ಕೆಂದೇ ಅಂಕಪಟ್ಟಿಯೊಂದನ್ನು ರೂಪಿಸಿದರು. ಅದಕ್ಕೆ ಬೇಕಾದ ಉಪಕರಣವೆಂದರೆ ದರ್ಜಿಯ ಬಳಿ ಇರುವಂಥ ಟೇಪು. ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಕ್ಕೆ ಎರಡೂ ಮೀನಖಂಡಗಳ ಸುತ್ತಳತೆ ತೆಗೆಯಬೇಕು. ವ್ಯತ್ಯಾಸ 3 ಸೆಂ.ಮೀ.ಗಿಂತ ಹೆಚ್ಚಿದ್ದರೆ ಒಂದು ಅಂಕ. ಬೆರಳಿನಿಂದ ಒತ್ತಿದಾಗ ಊತದಲ್ಲಿ ಗುಳಿ ಬಿದ್ದರೆ ಒಂದು, ಕ್ಯಾನ್ಸರ್ ಇದ್ದರೆ ಒಂದು, ಕಾಲಿಗೆ ಪ್ಲಾಸ್ಟರ್ ಹಾಕಿದ್ದರೆ ಒಂದು, ಹಿಂದೊಮ್ಮೆ ಹೆಪ್ಪುಗಟ್ಟಿದ್ದರೆ ಇನ್ನೊಂದು. ಬೇರೆ ಕಾಯಿಲೆಯೇ ಕಾರಣವಾಗಿರುವ ಸಾಧ್ಯತೆ ಹೆಪ್ಪಿನಷ್ಟೇ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎರಡು ಅಂಕ ಕಳೆಯಬೇಕು. ಮೊತ್ತ ಎರಡಕ್ಕಿಂತ ಕಡಿಮೆ ಬಂದವರಲ್ಲಿ ಮಾತ್ರ ಡಿ-ಡೈಮರ್‌ನ ‘ಇಲ್ಲ’ಕ್ಕೆ ಪೂರ್ತಿ ಬೆಲೆ. 2003ರಲ್ಲಿ ಪ್ರಕಟವಾದ ವೆಲ್ಸ್ ತಂಡದ ಅಧ್ಯಯನದಲ್ಲಿ 1,096 ಹೊರರೋಗಿಗಳಿದ್ದರು. ಅಂಕಪಟ್ಟಿಯ ಜೊತೆಗೆ ಡಿ-ಡೈಮರ್ ಮಾಡಿಸಿದ ಗುಂಪಿನಲ್ಲಿ ಶೇ 39ರಷ್ಟು ಮಂದಿಗೆ ಅಭಿಧಮನಿಯೊಳಗಿನ ಹೆಪ್ಪನ್ನು ಹುಡುಕುವ ಅಲ್ಟ್ರಾಸೌಂಡ್ (ಡಾಪ್ಲರ್) ಸ್ಕ್ಯಾನಿನ ಅಗತ್ಯವೇ ಬೀಳಲಿಲ್ಲ. ಮುಂದಿನ ಮೂರು ತಿಂಗಳಲ್ಲಿ ಅವರಲ್ಲಿ ಹೆಪ್ಪು ಕಾಣಿಸಿಕೊಂಡದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ.

ಡಾಪ್ಲರ್ ಸ್ಕ್ಯಾನಿಗೆಂದು ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಬೇಕಾದ ಊರುಗಳಿಗೆ ಇದಕ್ಕಿಂತ ಉಪಕಾರಿಯಾದ ಕ್ರಮ ಸಿಗುವುದು ಕಷ್ಟ. ಆದರೆ ಅಂಕ ಹಾಕದೆ, ಕಾಲು ನೋಡದೆ, ಚೀಟಿಯಲ್ಲಿ ಡಿ-ಡೈಮರ್ ಎಂದು ಬರೆದುಕೊಟ್ಟರೆ ಫಲ ತಿರುಗುಮುರುಗಾಗುತ್ತದೆ. ಅಂಕಿ ಏರಿದೆ ಎಂದು ಬೇಡದ ಸ್ಕ್ಯಾನು, ಬೇಡದ ಭಯ, ಕೆಲವೊಮ್ಮೆ ರಕ್ತ ತೆಳುಮಾಡುವ ಬೇಡದ ಔಷಧ. ಯಾವ ಲಕ್ಷಣವೂ ಇಲ್ಲದವರ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜಿನಲ್ಲಿ ಈ ಪರೀಕ್ಷೆ ಸೇರಿಸುವುದು ತಪ್ಪು.

ಬಾಣಂತಿಯರ ಮಾತು ಬೇರೆಯೇ. ಹೆರಿಗೆಯ ನಂತರದ ಆರು ವಾರಗಳು ಹೆಪ್ಪುಗಟ್ಟುವ ಅಪಾಯ ಹೆಚ್ಚಿರುವ ಕಾಲ. ನಮ್ಮ ಕಡೆ ಬಾಣಂತಿಯನ್ನು ಹಾಸಿಗೆ ಬಿಟ್ಟು ಏಳಗೊಡದ ಮನೆಗಳು ಇನ್ನೂ ಇವೆ. ಕಾಲು ಬಾತರೆ ನಂಜು ಎಂದು ಪಥ್ಯ ಬಿಗಿ ಮಾಡುವುದೂ ಉಂಟು. ಹೆರಿಗೆಯಾದವರಲ್ಲಿ ಡಿ-ಡೈಮರ್ ಹೇಗೂ ಏರಿಯೇ ಇರುವುದರಿಂದ ಅದನ್ನು ಮಾಡಿಸಿ ಕಾಯುತ್ತ ಕೂರುವುದು ವ್ಯರ್ಥ ಕಾಲಹರಣ. ಒಂದೇ ಕಾಲು ಬಾತಿದ್ದರೆ ನೇರವಾಗಿ ಡಾಪ್ಲರ್ ಮಾಡಿಸಬೇಕು. ವೆಲ್ಸ್ ಅಂಕ ಹೆಚ್ಚು ಬಂದ ಉಳಿದವರಿಗೂ ಸ್ಕ್ಯಾನನ್ನು ತಪ್ಪಿಸುವಂತಿಲ್ಲ.

ವಯಸ್ಸಾದವರ ವಿಷಯದಲ್ಲಿ ಒಂದು ಸರಳ ಲೆಕ್ಕ ಬಂದಿದೆ. ಸಾಮಾನ್ಯ ಮಿತಿ ಮಿಲಿಲೀಟರಿಗೆ 500 ನ್ಯಾನೊಗ್ರಾಂ. 50 ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಿ ಮಿತಿ ಇಟ್ಟುಕೊಳ್ಳಬಹುದು. 78ರ ಅಜ್ಜಿಗೆ 780. ಶ್ವಾಸಕೋಶದ ಹೆಪ್ಪಿನ ಶಂಕೆಯಿದ್ದ 3,346 ಮಂದಿಯ ಮೇಲೆ ಯುರೋಪಿನ ನಾಲ್ಕು ದೇಶಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಒರೆಗೆ ಹಚ್ಚಿತು. ಹೆಪ್ಪು ಹೆಚ್ಚಾಗಿ ಇರಲಾರದೆಂದು ವೈದ್ಯರು ಅಂದಾಜಿಸಿದ್ದ 75 ದಾಟಿದವರ ಪೈಕಿ, ರಕ್ತಪರೀಕ್ಷೆಯಿಂದಲೇ ಹೆಪ್ಪಿಲ್ಲ ಎಂದು ಹೇಳಬಹುದಾದವರ ಪ್ರಮಾಣ ಶೇ 6.4ರಿಂದ ಸುಮಾರು ಶೇ 30ಕ್ಕೆ ಏರಿತು.

ಆದರೆ ಈ ಗುಣಾಕಾರವನ್ನೇ ತಲೆಕೆಳಗು ಮಾಡುವ ತೊಡಕೊಂದು ಲ್ಯಾಬ್ ವರದಿಯಲ್ಲೇ ಇರುತ್ತದೆ. ಡಿ-ಡೈಮರನ್ನು ಎಫ್‌ಇಯು, ಡಿಡಿಯು ಎಂಬ ಎರಡು ಮಾನಗಳಲ್ಲಿ ಅಳೆಯುತ್ತಾರೆ. ಮೊದಲನೆಯದರ 500 ಎಂದರೆ ಎರಡನೆಯದರ ಸುಮಾರು 250. ಒಂದು ಲ್ಯಾಬು 0.5 ಎಂದು ಮೈಕ್ರೊಗ್ರಾಂನಲ್ಲಿ ಬರೆದರೆ ಇನ್ನೊಂದು 500 ಎಂದು ನ್ಯಾನೊಗ್ರಾಂನಲ್ಲಿ ಬರೆಯುತ್ತದೆ. ಮಾನ ಯಾವುದೆಂದು ನೋಡದೆ 400 ಎಂಬ ಅಂಕಿ ಕಂಡು ‘ನಾರ್ಮಲ್’ ಎಂದರೆ, ಅದು ಡಿಡಿಯು ಆಗಿದ್ದ ಪಕ್ಷದಲ್ಲಿ, ಹೆಪ್ಪಿದ್ದವರು ಮನೆಗೆ ಹೋಗಿಬಿಟ್ಟಾರು. ಇದು ದುಡ್ಡಿಲ್ಲದೆ ಸರಿಮಾಡಬಹುದಾದ ದೋಷ. ಪ್ರತಿ ವರದಿಯಲ್ಲೂ ಮಾನ, ಮಿತಿ, ರೋಗಿಯ ವಯಸ್ಸು ಮೂರೂ ದಪ್ಪಕ್ಷರದಲ್ಲಿ ಇರಲೇಬೇಕೆಂದು ಆರೋಗ್ಯ ಇಲಾಖೆ ಕಟ್ಟುನಿಟ್ಟು ಮಾಡಲಿ. ಪರೀಕ್ಷೆ ಬರೆಯುವ ವೈದ್ಯರು ಅದೇ ಚೀಟಿಯಲ್ಲಿ ವೆಲ್ಸ್ ಅಂಕವನ್ನೂ ಬರೆಯಲಿ.

ಓದುಗರು ನೆನಪಿಡಬೇಕಾದದ್ದು ಇಷ್ಟು. ಒಂದೇ ಕಾಲು ಬಾತರೆ ಲ್ಯಾಬಿಗೆ ಹೋಗುವ ಮುಂಚೆ ವೈದ್ಯರಿಗೆ ಕಾಲು ತೋರಿಸಿ, ಅಂದೇ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ ಯಾವ ವರದಿಗೂ ಕಾಯದೆ 108ಕ್ಕೆ ಕರೆ ಮಾಡಿ.