ಗಣಕದ ಮುಂದೆ ಕುಳಿತವರ ರಾಜಕೀಯ

ಯುಗಾದಿಗೆಂದು ಬೆಂಗಳೂರಿನಿಂದ ಮಧುವನಹಳ್ಳಿಗೆ ಬರುವ ನಮ್ಮೂರ ಸಾಫ್ಟ್‌ವೇರ್ ತರುಣರನ್ನು ಹಿರಿಯರು ಕಟ್ಟೆಯ ಮೇಲೆ ಕೂರಿಸಿಕೊಂಡು, "ನಿಮ್ಮ ಕಡ ಯಾವ ಪಾರ್ಟಿ ಗಾಳಿ ಬೀಸ್ತಾ ಅದಪ್ಪ?" ಎಂದು ಕೇಳುವುದುಂಟು. "ನಮಗ್ಯಾಕ ಮಾವ ರಾಜಕೀಯ?" ಎಂಬುದೇ ಬಹುಮಟ್ಟಿಗೆ ದೊರೆಯುವ ಉತ್ತರ. ಈ ಉತ್ತರವನ್ನು ನಾನು ಒಪ್ಪಲಾರೆ.

ಇವರು ಯಾವ ಪಕ್ಷದವರೆಂದು ಊಹಿಸುವುದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ನಂದನ್ ನಿಲೇಕಣಿಯವರು 2014ರಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನಿಂದ ಸ್ಪರ್ಧಿಸಿ, ಭಾರತೀಯ ಜನತಾ ಪಕ್ಷದ ಅನಂತಕುಮಾರರೆದುರು ಸೋತರು. ಅಲ್ಲಿನ ಮತದಾರರೆಲ್ಲರೂ ಈ ಉದ್ಯೋಗದವರಲ್ಲ, ನಿಜ. ಆದರೂ ಉದ್ಯಮದ ದೊಡ್ಡ ಹೆಸರು ತಾನಾಗಿ ಮತವಾಗದೆಂಬುದು ಅಂದು ಸ್ಪಷ್ಟವಾಯಿತು.

ನಿಜವಾದ ಪ್ರಶ್ನೆ ಬೇರೆಯೇ ಇದೆ. ಇವರು ತಮ್ಮನ್ನು ದುಡಿಯುವ ವರ್ಗದವರೆಂದು ಎಣಿಸುವರೇ? 2024ರ ಜುಲೈನಲ್ಲಿ ಈ ಉದ್ಯೋಗಿಗಳ ದಿನದ ದುಡಿಮೆಯನ್ನು 14 ಗಂಟೆಗಳವರೆಗೂ ವಿಸ್ತರಿಸಲು ಅವಕಾಶ ಕೊಡುವ ಸಲಹೆಯು ರಾಜ್ಯ ಸರ್ಕಾರದ ಮುಂದೆ ಬಂದಿತು. 2017ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಐಟಿ-ಐಟಿಇಎಸ್ ನೌಕರರ ಸಂಘವು ಅದನ್ನು ಬಹಿರಂಗವಾಗಿ ವಿರೋಧಿಸಿತು. ರಾಜಕೀಯ ಬೇಡವೆಂದವರ ಊಟ ನಿದ್ರೆಗಳ ವೇಳೆಯನ್ನೇ ರಾಜಕೀಯವು ನಿರ್ಣಯಿಸಹೊರಟಿತ್ತಲ್ಲವೇ?

ಸಂಘಕ್ಕೆ ಸೇರಿದರೆ ಕೆಲಸ ಹೋದೀತೆಂಬ ಭಯವುಂಟು. ಅದನ್ನು ಹೇಡಿತನವೆಂದು ಹಳಿಯಲಾರೆ. ನಮ್ಮ ಮನೆಯಲ್ಲಿ ಮೊದಲು ಪದವಿ ಪಡೆಯಲಿರುವ ನನಗೆ, ಒಂದು ಸಂಬಳದ ಮೇಲೆ ಎಷ್ಟು ಜನರ ಆಸೆ ನಿಂತಿರುತ್ತದೆಂಬುದು ತಿಳಿದಿದೆ. ಆದರೆ ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗದ ಮುಂದೆ ಕುಳಿತವನೂ, ಬೆಂಗಳೂರಿನಲ್ಲಿ ಗಣಕದ ಮುಂದೆ ಕುಳಿತವನೂ ದುಡಿಮೆಯಿಂದಲೇ ಬದುಕುವವರು. ಕುರ್ಚಿ ಮೆತ್ತಗಿದ್ದ ಮಾತ್ರಕ್ಕೆ ಈ ಸತ್ಯ ಬದಲಾಗದು.

ಇನ್ನು ಮತದಾನದ ಮಾತು. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಮತ ನೀಡಿದವರು ನೂರಕ್ಕೆ ಸುಮಾರು 53 ಮಂದಿ. ನಮ್ಮ ಚಾಮರಾಜನಗರ ಕ್ಷೇತ್ರದಲ್ಲಿ 76ಕ್ಕೂ ಹೆಚ್ಚು. ಒಂದು ಮತದ ಬೆಲೆಯನ್ನು ನಮ್ಮ ಸೀಮೆಗೆ ಯಾರೂ ಕಲಿಸಬೇಕಾಗಿಲ್ಲ. 2004ರಲ್ಲಿ ನೆರೆಯ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣರು ಗೆದ್ದದ್ದು ಒಂದೇ ಒಂದು ಮತದ ಅಂತರದಿಂದ!

ನಾಳೆ ನಮ್ಮಲ್ಲಿಯೂ ಕೆಲವರು ಆ ಕಚೇರಿಗಳ ಮೆಟ್ಟಿಲೇರುವೆವು. ಸಹಪಾಠಿ ಮಿತ್ರರೇ, ಎಡವೋ ಬಲವೋ ನಿಮ್ಮ ನಿಮ್ಮ ವಿವೇಚನೆಗೆ ಬಿಟ್ಟದ್ದು. ಆದರೆ ಊರಿಗೆ ಬಂದಾಗ ಕಟ್ಟೆಯ ಮೇಲಿನ ಹಿರಿಯರಿಗೆ "ನಮಗ್ಯಾಕ ರಾಜಕೀಯ" ಎಂದು ಮಾತ್ರ ಹೇಳದಿರೋಣ.